ವೆಂಬ್ಲಿಯಲ್ಲಿ ನನ್ನ ಜಾಗ

ಎದುರಾಳಿಗಳು ಮೊದಲ ಗೋಲು ಹೊಡೆದ ಕೂಡಲೇ ನನ್ನ ಗಂಡ ಕ್ಲೈವ್ ನನ್ನ ಕಡೆ ತಿರುಗಿದ.

"ಲಿನ್, ಟಾಯ್ಲೆಟ್ಟಿಗೆ ಹೋಗು."

"ನನಗೇನೂ ಅವಸರ ಇಲ್ಲ."

"ಇಲ್ದಿದ್ರೂ ಹೋಗು. ಸೆಮಿಫೈನಲ್‌ನಲ್ಲಿ ನೀನು ಹೋದಾಗ್ಲೇ ತಾನೆ ನಮಗೆ ಗೋಲು ಸಿಕ್ಕಿದ್ದು?"

ಅವನ ತಮ್ಮ ನೆವಿಲ್ ಬಾಯಿತುಂಬ ಮಾಂಸದ ಪೈ ಇಟ್ಟುಕೊಂಡೇ, "ಊರಿನ ಮರ್ಯಾದೆ ಪ್ರಶ್ನೆ ಕಣೇ. ಆರಾಮಾಗಿ ಕೂತಿದ್ದು ಬಾ" ಎಂದ. ಸಾಲಿನವರೆಲ್ಲ ನಕ್ಕರು. ಆದರೆ ನಾನು ದಾಟಿ ಹೋಗಲೆಂದು ಮೊಣಕಾಲು ಓರೆ ಮಾಡಿಕೊಂಡದ್ದು ತಮಾಷೆಗಲ್ಲ.

ನಮ್ಮೂರು ರಾಥ್‌ಬಿಯ ಫುಟ್‌ಬಾಲ್ ತಂಡ ಮೇಲಿನ ಡಿವಿಷನ್ನಿನಲ್ಲಿ ಕೊನೆಯ ಬಾರಿ ಆಡಿದಾಗ ನನಗೆ ಒಂಬತ್ತು ವರ್ಷ. ವೆಂಬ್ಲಿ ಕ್ರೀಡಾಂಗಣದ ಈ ಫೈನಲ್ ಒಂದನ್ನು ಗೆದ್ದರೆ ಮತ್ತೆ ಆ ಡಿವಿಷನ್ನಿಗೆ. ಅಪ್ಪನ ಹೆಗಲ ಮೇಲೆ ಕೂತು ಆಟ ನೋಡಿದವಳು ನಾನು; ಮದುವೆಯಾದ ಮೇಲೆ ಕ್ಲೈವ್‌ನನ್ನು ಕರೆದೊಯ್ದು ಆಫ್‌ಸೈಡ್ ಎಂದರೇನೆಂದು ಹೇಳಿಕೊಟ್ಟವಳೂ ನಾನೇ. ತಂಡ ಮೇಲೇರುವುದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ನನ್ನ ಆಸೆಯಾಗಿತ್ತು. ಆದರೂ ಎದ್ದು ಹೋದೆ.

ಹೆಂಗಸರ ಶೌಚಾಲಯದ ನೆಲ ಚೆಲ್ಲಿದ ಬಿಯರಿನಿಂದ ಅಂಟಂಟಾಗಿತ್ತು. ಯಾರೋ ವಾಂತಿ ಮಾಡಿ, ಮೇಲೆ ಕಾಗದ ಹಾಸಿ ಹೋಗಿದ್ದರು. ಉಸಿರು ಬಿಗಿಹಿಡಿದು ಬಿಳಿ ಗೋಡೆ ನೋಡುತ್ತ ನಿಂತೆ. ಇದ್ದಕ್ಕಿದ್ದಂತೆ ತಲೆಯ ಮೇಲಿನ ಕಾಂಕ್ರೀಟು ಅದುರಿತು. ನಮ್ಮವರದೇ ಕೂಗು. ಫೋನು ಗುಂಯ್‌ಗುಟ್ಟಿತು, ಕ್ಲೈವ್‌ನ ಮೆಸೇಜು. "ಒಂದು-ಒಂದು. ಅಲ್ಲೇ ಇರು. ಹೊರಗೆ ಟಿವಿ ಇದೆ, ನೋಡ್ಬೇಡ." ಪಕ್ಕದಲ್ಲೊಂದು ಕೆಂಪು ಹೃದಯದ ಚಿತ್ರ.

ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ನಾನು ಗೋಡೆಯನ್ನೇ ನೋಡುತ್ತಿದ್ದೆ.

ನೆಲ ಒರೆಸಲು ಬಂದ ಹೆಂಗಸು, "ಹುಷಾರಿಲ್ವೇನಮ್ಮಾ?" ಎಂದಳು.

"ಹಾಗೇನಿಲ್ಲ. ತಂಡಾನ ಗೆಲ್ಲಿಸ್ತಾ ಇದೀನಿ."

ಅವಳಿಗೆ ಆಶ್ಚರ್ಯವಾಗಲಿಲ್ಲ. "ಗಂಡ ಕಳಿಸಿದ್ನಾ? ನಿನ್ನೆ ಇನ್ನೊಂದು ಡಿವಿಷನ್ನಿನ ಫೈನಲ್‌ನಲ್ಲೂ ಒಬ್ಳು ಇಲ್ಲೇ ನಿಂತಿದ್ಲು."

"ಅವಳ ತಂಡ ಗೆಲ್ತಾ?"

"ಎಲ್ಲಿಂದ? ಮೂರು ಗೋಲಲ್ಲಿ ಸೋತ್ರು. ಕಾಲೆತ್ತಮ್ಮ ಸ್ವಲ್ಪ."

ಕಾಲೆತ್ತಿದವಳು ನೇರ ಮೆಟ್ಟಿಲು ಹತ್ತಿದೆ.

ಮೈದಾನದ ಹಸಿರು ಕಂಡಾಗ ಎದೆ ತುಂಬಿತು. ಐದು ನಿಮಿಷ ಬಾಕಿಯಿತ್ತು. ಎರಡು ನಿಮಿಷ ಚೆನ್ನಾಗಿಯೇ ನೋಡಿದೆ. ಆಮೇಲೆ ಅವರ ಕಾರ್ನರ್ ಕಿಕ್ ತೇಲಿ ಬಂತು. ಕೈಗೆ ಸಿಕ್ಕ ಚೆಂಡನ್ನು ನಮ್ಮ ಗೋಲ್‌ಕೀಪರ್ ಜಾರಿಸಿಬಿಟ್ಟ. ಅದು ಸೋಮಾರಿಯಂತೆ ಉರುಳಿ ಗೆರೆ ದಾಟಿತು.

ಕ್ಲೈವ್ ಕತ್ತು ತಿರುಗಿಸಿ ಹುಡುಕಿದ. ಮೆಟ್ಟಿಲ ಮೇಲೆ ನಾನು ಸಿಕ್ಕಿದೆ. ಅವನ ಹಿಂದೆ ಇಡೀ ಸಾಲು ತಿರುಗಿತು.

"ಅಲ್ಲೇ ಇರು ಅಂದಿದ್ನಲ್ಲ."

"ತಪ್ಪಾಯ್ತು" ಎಂದೆ.

ಊರಿಗೆ ಮರಳುವ ಬಸ್ಸಿನಲ್ಲಿ ಬೆವರು, ಈರುಳ್ಳಿ ವಾಸನೆ. ನೆವಿಲ್ ಬಗ್ಗಿ ಬಂದು ಹೆಗಲು ತಟ್ಟಿದ. "ಹೋಗ್ಲಿ ಬಿಡು ಲಿನ್. ಯಾರೂ ನಿನ್ನ ಬೈಯಲ್ಲ." ಕ್ಲೈವ್‌ನ ಜಿಡ್ಡುಗೈ ನನ್ನ ಮೊಣಕಾಲಿನ ಮೇಲೆ ಕ್ಷಮಾದಾನದಂತೆ ಬಿದ್ದಿತ್ತು. ಬರೀ ಅವರ ಮೇಲಿನ ಹೇಸಿಗೆಯಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ತಪ್ಪಾಯ್ತು ಎಂದದ್ದು ನನ್ನ ನಾಲಿಗೆ. ಅದನ್ನು ತೊಳೆದುಕೊಳ್ಳಬೇಕೆನ್ನಿಸಿತು.

ಎದ್ದು ಮುಂದೆ ಹೋಗಿ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತೆ. ಪಂದ್ಯದ ಹೊತ್ತಿನಲ್ಲಿ ಅವನು ಬಸ್ಸಿನಲ್ಲೇ ನಿದ್ದೆ ಹೊಡೆದಿದ್ದ.

"ಎರಡು-ಒಂದು ಅಂತೆ. ನಮ್ಮ ಗೋಲು ಹೆಂಗಿತ್ತಮ್ಮಾ?"

ಹೇಳಲು ಬಾಯಿ ತೆರೆದೆ.

"ಗೊತ್ತಿಲ್ಲ" ಎಂದೆ. "ಗೋಡೆ ನೋಡ್ತಾ ನಿಂತಿದ್ದೆ."