ಹದಿನಾರು ಸಲ ಸತ್ತ ಮೇಷ್ಟ್ರು

ಕೆ.ಆರ್. ಪುರದ ಕಡೆಯ ನಮ್ಮ ಕಾರ್ಖಾನೆಯ ಅಪ್ರೆಂಟಿಸ್ ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಕ್ರೇನಿನ ಪಾಠ ಹೇಳಿದವನು. ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನನ್ನ ಹೆಂಡತಿ ಸುಬ್ಬಲಕ್ಷ್ಮಿಯಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಐದು ಟನ್ ಕಬ್ಬಿಣ ತಲೆಯ ಮೇಲೆ ತೂಗಾಡುವ ಜಾಗದಲ್ಲಿ ಮೆತ್ತಗೆ ಮಾತಾಡುವ ಮೇಷ್ಟ್ರು ಯಾರಿಗೆ ಬೇಕು ಎಂಬುದು ನನ್ನ ವಾದವಾಗಿತ್ತು.

೨೦೦೮ರಲ್ಲಿ, ನನ್ನ ನಿವೃತ್ತಿಗೆ ಎಂಟು ತಿಂಗಳಿದ್ದಾಗ, ತರಬೇತಿ ವಿಭಾಗಕ್ಕೆ ಮಧುರಾ ಎಂಬ ಎಂಜಿನಿಯರ್ ಬಂದಳು. ಬಂದ ತಿಂಗಳಿಗೇ ಕಂಪ್ಯೂಟರ್ ಕೋಣೆಯಲ್ಲಿ ನಮ್ಮ ವರ್ಕ್‌ಶಾಪನ್ನೇ ಇನ್ನೊಂದು ಸಲ ಕಟ್ಟಿಬಿಟ್ಟಳು. ಇಟ್ಟಿಗೆಯಿಂದ ಅಲ್ಲ, ಪರದೆಯ ಮೇಲೆ. ಅದರಲ್ಲಿ ಕಂಬಗಳಿದ್ದವು, ಹಳಿಯ ಮೇಲೆ ಓಡುವ ಕ್ರೇನಿತ್ತು, ಅದರ ಕ್ಯಾಬಿನ್ನಿತ್ತು, ಕೊಕ್ಕೆಯಿತ್ತು. ಒಬ್ಬೊಬ್ಬರಿಗೂ ಒಂದೊಂದು ಬೊಂಬೆ. ನಾವು ಕೀಲಿ ಒತ್ತಿದರೆ ಬೊಂಬೆ ನಡೆಯುತ್ತದೆ, ಕೈ ಎತ್ತುತ್ತದೆ. ಒಬ್ಬ ಬೊಂಬೆಯಾಗಿ ಕೆಳಗೆ ನಿಂತು ಕೈಸನ್ನೆ ಕೊಡಬಹುದು, ಇನ್ನೊಬ್ಬ ಮೇಲೆ ಕ್ಯಾಬಿನ್ನಿನಲ್ಲಿ ಕೂತು ಕ್ರೇನ್ ನಡೆಸಬಹುದು. ಹುಡುಗರಿಗೆ ಕೈಗವಸು ಕೊಡಿಸಿ ಎಂದು ನಾನು ಎರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದೆ, ಅವಳಿಗೆ ಕೇಳಿಸುವ ಹಾಗೆಯೇ. ಅವಳು ನಕ್ಕು ನನ್ನ ಬೊಂಬೆಗೆ ದಪ್ಪ ಮೀಸೆ ಅಂಟಿಸಿದಳು.

ಆ ವರ್ಷದ ತಂಡದಲ್ಲಿ ಹದಿನಾರು ಮಂದಿ. ಅದರಲ್ಲಿ ಒಬ್ಬಳೇ ಹುಡುಗಿ, ಕಗ್ಗದಾಸಪುರದ ಹೇಮಶ್ರೀ. ಅವಳ ತಂದೆ ಪಿಳ್ಳಪ್ಪನವರು ಒಂದು ದಿನ ಗೇಟಿನ ಹತ್ತಿರ ನಿಂತಿದ್ದು, ಮಗಳಿಗೆ ಕ್ರೇನಿನ ಸರ್ಟಿಫಿಕೇಟ್ ಸಿಕ್ಕರೆ ಇಲ್ಲೇ ಕೆಲಸವಾಗುತ್ತದಂತೆ, ನಿಮ್ಮ ಕೈಯಲ್ಲಿದೆ ಅಂದಿದ್ದರು. ನಿಜ, ಕ್ರೇನಿಗೆ ಯೋಗ್ಯರು ಯಾರು, ಯಾರಲ್ಲ ಎಂದು ಬರೆಯುವ ಕೈ ನನ್ನದೇ. ಅವಳ ಹೆಸರಿನ ಮುಂದೆ ‘ಅಲ್ಲ’ ಎಂದು ನಾನು ಆಗಲೇ ಮನಸ್ಸಿನಲ್ಲಿ ಬರೆದಾಗಿತ್ತು. ಕೈ ಚೆನ್ನಾಗಿತ್ತು, ಲೆಕ್ಕ ಚೆನ್ನಾಗಿತ್ತು, ಆದರೆ ಬಾಯಿಯೇ ಇರಲಿಲ್ಲ. ಹೆಸರು ಕೂಗಿದರೆ ಹಾಜರಿಯನ್ನೂ ತುಟಿಯಲ್ಲೇ ಹೇಳುವ ಹುಡುಗಿ.

ಮಧುರಾಳ ಬಲವಂತಕ್ಕೆ ಒಂದು ಬೆಳಿಗ್ಗೆ ಬೊಂಬೆಗಳ ಶಾಪಿನಲ್ಲಿ ಪರೀಕ್ಷೆ ಇಟ್ಟುಕೊಂಡೆವು. ಉಳಿದವರನ್ನು ಹೊರಗೆ ಜಗಲಿಯಲ್ಲಿ ಕೂರಿಸಿ, ಬೇಗ ಮುಗಿಯಲಿ ಎಂದು ಹೇಮಶ್ರೀಯನ್ನೇ ಮೊದಲು ಕರೆದೆ. ಅವಳು ಕ್ಯಾಬಿನ್ನಿನಲ್ಲಿ, ನಾನು ಕೆಳಗೆ ಸನ್ನೆ ಕೊಡುವವನು. ಎರಡು ಟನ್ ಎರಕದ ಕಬ್ಬಿಣ ಮೇಲೆದ್ದಿತು, ಇತ್ತ ಬಂತು. ‘ಇಳಿಸು’ ಎಂಬ ಸನ್ನೆಯ ಕೀಲಿ ಒತ್ತಿದೆ. ಆಮೇಲೆ ಬೊಂಬೆಯನ್ನು ಹಿಂದಕ್ಕೆ ತರಲು ಹೋಗಿ ಯಾವುದನ್ನು ಒತ್ತಿದೆನೋ, ಅದು ನೆಟ್ಟಗೆ ಲೋಡಿನ ಅಡಿಗೇ ಹೋಗಿ ನಿಂತಿತು. ಕೈ ಮಾತ್ರ ಇಳಿಸು, ಇಳಿಸು ಅನ್ನುತ್ತಲೇ ಇತ್ತು. ನಾನು ಬಗ್ಗಿ ಸರಿಯಾದ ಕೀಲಿ ಹುಡುಕುತ್ತಿದ್ದೆ. ತಲೆ ಎತ್ತುವ ಹೊತ್ತಿಗೆ ಮೀಸೆಯ ಸಮೇತ ಅಪ್ಪಚ್ಚಿಯಾಗಿದ್ದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕಂಪ್ಯೂಟರನ್ನು ಬೈದೆ, ಕೀಲಿಮಣೆಯನ್ನು ಬೈದೆ, ಕೊನೆಗೆ ಅವಳ ಕಡೆ ತಿರುಗಿ, ಕಣ್ಣು ಕಾಣಲಿಲ್ಲವೇ ಎಂದು ಗದರಿದೆ.

"ಕಾಣಿಸ್ತು ಸಾರ್."

"ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ನೀವೇ ಇಳ್ಸು ಅಂತ ಸಿಗ್ನಲ್ ಕೊಡ್ತಿದ್ರಲ್ಲ ಸಾರ್."

ಕ್ರೇನಿನ ಪಾಠದಲ್ಲಿ ಮೊದಲ ದಿನದ ಮೊದಲ ವಾಕ್ಯವೇ ಇದು: ‘ನಿಲ್ಲಿಸು’ ಎನ್ನುವ ಹಕ್ಕು ಶಾಪಿನಲ್ಲಿರುವ ಪ್ರತಿಯೊಬ್ಬರಿಗೂ ಇದೆ, ನೆಲ ಗುಡಿಸುವವರಿಗೂ ಇದೆ. ಪರೀಕ್ಷೆಯಲ್ಲಿ ಎಲ್ಲರೂ ತಪ್ಪಿಲ್ಲದೆ ಬರೆಯುತ್ತಾರೆ. ನೋಡಿದಿರಾ, ಇವಳ ಕೈಯಲ್ಲಿ ಆಗುವುದಿಲ್ಲ ಎಂದು ನಾನು ಮಧುರಾಗೆ ಹೇಳಿದೆ. ಅವಳು ಕೂಡಲೇ ಒಪ್ಪಲಿಲ್ಲ. ಹೇಮಶ್ರೀಯನ್ನು ಒಳಗೇ ಒಂದು ಮೂಲೆಯಲ್ಲಿ ಕೂರಿಸಿ, ಹೊರಗಿನವರಿಗೆ ಏನೂ ತಿಳಿಯದಂತೆ ಒಬ್ಬೊಬ್ಬರನ್ನೇ ಕರೆಯೋಣ, ನೀವು ಬೇಕೆಂದೇ ಲೋಡಿನಡಿಗೆ ಹೋಗಿ ಅಂದಳು.

ರಾಮಮೂರ್ತಿ ನಗರದ ಪ್ರೇಮ್‌ಕುಮಾರ್ ಮೇಲೆ ನನಗೆ ಬಹಳ ಭರವಸೆ. ಸ್ನೇಹಿತರನ್ನೆಲ್ಲ ‘ಗುರು’ ಎಂದು ಕರೆಯುತ್ತ, ಇಡೀ ಶಾಪಿಗೆ ಕೇಳುವ ಹಾಗೆ ಮಾತಾಡುವ ಹುಡುಗ ಅವನು. ಎಲ್ಲರಿಗಿಂತ ಬೇಗ ನನ್ನನ್ನು ಅಪ್ಪಚ್ಚಿ ಮಾಡಿದವನೂ ಅವನೇ. ಇನ್ನೊಬ್ಬ ಅರ್ಧಕ್ಕೆ ಕೈ ತೆಗೆದ, ಪಕ್ಕದಲ್ಲಿ ಕೂತ ನನ್ನ ಮುಖ ನೋಡಿದ. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವನು ಮತ್ತೆ ಇಳಿಸಿದ. ಊಟದ ಗಂಟೆಯ ಹೊತ್ತಿಗೆ ನಾನು ಹದಿನಾರು ಸಲ ಸತ್ತಿದ್ದೆ. ಒಬ್ಬರೂ ನಿಲ್ಲಿಸಲಿಲ್ಲ.

ಅವತ್ತು ನನಗೆ ಊಟ ಸೇರಲಿಲ್ಲ. ಮೂವತ್ತೊಂದು ವರ್ಷ ನಿಯಮವನ್ನು ಕಲಿಸಿದ್ದೆ, ಅದರ ಜೊತೆಗೇ ನನಗೆ ಹೆದರುವುದನ್ನೂ ಕಲಿಸಿದ್ದೆ. ಇವರು ನಿಯಮವನ್ನು ಹಾಳೆಯ ಮೇಲೆ ಬರೆದರು, ಹೆದರಿಕೆಯನ್ನು ಮೈಗೂಡಿಸಿಕೊಂಡರು. ನಿಜವಾದ ಶಾಪಿನಲ್ಲಿ ಇದು ನನಗೆ ತಿಳಿಯುತ್ತಲೇ ಇರಲಿಲ್ಲ. ಅಲ್ಲಿ ತಿಳಿಯಬೇಕಾದರೆ ಒಬ್ಬ ಸಾಯಬೇಕಿತ್ತು. ಆ ಹುಡುಗಿ ಮಧುರಾ, ಜಗತ್ತಿನಲ್ಲಿ ಇಲ್ಲದ ಒಂದು ಶಾಪು ಕಟ್ಟಿ, ಇರುವ ಶಾಪಿನ ನಿಜವನ್ನು ಒಂದು ಬೆಳಿಗ್ಗೆಯಲ್ಲಿ ತೋರಿಸಿಬಿಟ್ಟಿದ್ದಳು. ನನಗೆ ಅವಳ ಮೇಲೆ ಗೌರವವೂ ನನ್ನ ಮೇಲೆ ನಾಚಿಕೆಯೂ ಒಟ್ಟಿಗೇ ಬಂದವು.

ಮಧ್ಯಾಹ್ನ ಎಲ್ಲರನ್ನೂ ಕೂರಿಸಿ, ಸುಬ್ಬಲಕ್ಷ್ಮಿಗೂ ಹೇಳದಿದ್ದ ಒಂದು ಮಾತನ್ನು ಹೇಳಿದೆ. ೧೯೭೦ರಲ್ಲಿ ನಾನು ಇವರಂತೆಯೇ ಅಪ್ರೆಂಟಿಸ್ ಆಗಿದ್ದಾಗ, ಲೋಡಿಗೆ ಸುತ್ತಿದ್ದ ಸರಪಳಿ ಒಂದು ಕಡೆ ಜಾರುತ್ತಿರುವುದು ನನಗೆ ಕಂಡಿತ್ತು. ಸನ್ನೆ ಕೊಡುತ್ತಿದ್ದವರು ಫೋರ್‌ಮನ್. ಅವರಿಗಿಂತ ನನಗೆ ಹೆಚ್ಚು ಗೊತ್ತೇ ಎಂದು ಸುಮ್ಮನಿದ್ದೆ. ಆ ಲೋಡು ಬಿದ್ದು ನನ್ನ ಜೊತೆಗಾರ ವೆಂಕಟಸ್ವಾಮಿಯ ಬಲಗೈ ಹೋಯಿತು. ಆಮೇಲೆ ವಿಚಾರಣೆಯಲ್ಲಿ, ನಾನು ಬೇರೆ ಕಡೆ ನೋಡುತ್ತಿದ್ದೆ ಅಂದೆ. ಹುಡುಗರು ನೆಲ ನೋಡುತ್ತಿದ್ದರು. ಹೇಮಶ್ರೀ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಮರುದಿನದಿಂದ ಪಾಠ ತಿರುಗಿತು. ದಿನವೂ ಒಂದು ಗಂಟೆ, ಬೊಂಬೆಗಳ ಶಾಪಿನಲ್ಲಿ ನಾನು ಏನಾದರೊಂದು ತಪ್ಪು ಮಾಡಬೇಕು, ಅವರು ನನ್ನನ್ನು ನಿಲ್ಲಿಸಬೇಕು. ಹೇಳಿದಷ್ಟು ಸುಲಭವಾಗಿರಲಿಲ್ಲ. "ಸಾರ್, ತಪ್ಪು ತಿಳ್ಕೋಬೇಡಿ, ಏನಂದ್ರೆ..." ಎಂದು ಪ್ರೇಮ್‌ಕುಮಾರ್ ಪೀಠಿಕೆ ಮುಗಿಸುವುದರೊಳಗೆ ಲೋಡು ನನ್ನ ತಲೆಯ ಮೇಲಿರುತ್ತಿತ್ತು. ಎರಡನೆಯ ವಾರ ಅವರ ಬಾಯಿಂದ ಬರೀ "ನಿಲ್ಸಿ" ಎಂಬುದು ಹೊರಡತೊಡಗಿತು. ಆಗ ಮಧುರಾ ನನ್ನ ಬೊಂಬೆಗೆ ಕೋಟು, ಟೈ ಹಾಕಿ ಜನರಲ್ ಮ್ಯಾನೇಜರ್ ಮಾಡಿದಳು. ನಾನೇ ಆಡಿಸುತ್ತಿದ್ದೇನೆಂದು ಗೊತ್ತಿದ್ದೂ ಹುಡುಗರು ಮತ್ತೆ ತೆಪ್ಪಗಾದರು. ಕೋಟಿಗೆ ಅಷ್ಟು ಶಕ್ತಿಯಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಮತ್ತೆ ಮತ್ತೆ ಸತ್ತೆ, ಸತ್ತು ಚಹಾ ಕುಡಿದೆ, ಎದ್ದು ಮತ್ತೆ ಲೋಡಿನಡಿಗೆ ನಡೆದೆ. ಇಷ್ಟೊಂದು ಅಗ್ಗವಾಗಿ ಸಾವನ್ನು ಕಲಿಸುವ ಪಾಠಶಾಲೆ ನನ್ನ ಕಾಲದಲ್ಲಿ ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿತು. ದಿನಾ ಸತ್ತು ಬರ್ತೀರಿ, ಮನೆಯಲ್ಲಿ ಕೋಪ ಕಡಿಮೆಯಾಗಿದೆ, ಇನ್ನೊಂದು ತಿಂಗಳು ಸಾಯಿರಿ ಎಂದು ಸುಬ್ಬಲಕ್ಷ್ಮಿ ಚುಚ್ಚಿದಳು.

ಹೇಮಶ್ರೀ ಎಲ್ಲರಿಗಿಂತ ತಡ. ಕೊನೆಯ ವಾರದಲ್ಲಿ ಒಂದೆರಡು ಸಲ ಕ್ಯಾಬಿನ್ನಿನ ಗಂಟೆ ಒತ್ತಿ ನಿಲ್ಲಿಸಿದಳು, ಆದರೆ ಬಾಯಿ ಬಿಡಲಿಲ್ಲ. ಪರದೆಯ ಮೇಲಿನ ಧೈರ್ಯ ನಿಜವಾದ ಕಬ್ಬಿಣದ ಮುಂದೆ ಉಳಿದೀತೇ ಎಂಬ ಅನುಮಾನ ನನಗೆ ಇದ್ದೇ ಇತ್ತು. ಅವಳ ಹೆಸರಿನ ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೆ.

ನಿಜವಾದ ಪರೀಕ್ಷೆಯ ದಿನ ಶಾಪಿಗೆ ಮೂವರು ಅಧಿಕಾರಿಗಳು ಬಂದರು. ಮೇಲೆ ಕ್ಯಾಬಿನ್ನಿನಲ್ಲಿ ಹೇಮಶ್ರೀ, ಅವಳ ಬೆನ್ನ ಹಿಂದೆ ನಮ್ಮ ಹಳೆಯ ಆಪರೇಟರ್ ಅಜ್ಮತ್. ಕೆಳಗೆ ಸನ್ನೆ ಕೊಡಲು ನಾನು. ಅವತ್ತು ನಾನು ಯಾವ ತಪ್ಪನ್ನೂ ಬೇಕೆಂದು ಮಾಡಲಿಲ್ಲ. ಲೋಡು ಎದ್ದಿತು, ಹಳಿಗುಂಟ ಬಂತು, ಗುರುತು ಹಾಕಿದ ಜಾಗದ ಮೇಲೆ ನಿಂತಿತು. ಇಳಿಸು ಎಂದು ಕೈ ತೋರಿದೆ.

ಗಂಟೆ ಹೊಡೆಯಿತು. ಲೋಡು ಗಾಳಿಯಲ್ಲಿ ನಿಂತುಬಿಟ್ಟಿತು.

ನಾನು ಕೊಕ್ಕೆ ನೋಡಿದೆ, ಸರಪಳಿ ನೋಡಿದೆ. ಎಲ್ಲ ಸರಿಯಾಗಿತ್ತು. ನೆಲದ ಮೇಲಿನ ಅಪಾಯದ ಹಳದಿ ಗೆರೆಯಿಂದ ನಾನು ಒಂದು ಮಾರು ಆಚೆಗೇ ಇದ್ದೆ. ಮತ್ತೆ ಕೈ ತೋರಿದೆ. ಮತ್ತೆ ಗಂಟೆ. ಅಧಿಕಾರಿಗಳಲ್ಲಿ ಹಿರಿಯರು ಗಡಿಯಾರ ನೋಡಿಕೊಂಡು, ಹುಡುಗಿ ಹೆದರಿದ್ದಾಳೆ, ಅವಳನ್ನು ಇಳಿಸಿಬಿಡಿ, ಮುಂದಿನವರನ್ನು ಕರೆಯಿರಿ ಅಂದರು. ನನ್ನ ಹಳೆಯ ಕೋಪ ಮತ್ತೆ ಮೂಗಿನ ತುದಿಗೆ ಬಂದದ್ದು ಸುಳ್ಳಲ್ಲ. ಏನಾಯ್ತೇ ಎಂದು ಮೇಲಕ್ಕೆ ಕೂಗಿದೆ.

ಹಾಜರಿ ಹೇಳಲು ಬಾಯಿ ಬಿಡದ ಹುಡುಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಡೀ ಶಾಪಿಗೆ ಕೇಳುವ ಹಾಗೆ ಹೇಳಿದಳು: "ಲೋಡು ಅಡ್ಡ ಬಂದಿದೆ ಸಾರ್, ನಿಮ್ಮ ಕಾಲು ನಂಗೆ ಕಾಣ್ತಿಲ್ಲ. ಕಾಣೋ ತನಕ ಇಳ್ಸಲ್ಲ."

ನಾನು ನಿಂತಿದ್ದ ಜಾಗದಲ್ಲಿ ಅಪಾಯವಿರಲಿಲ್ಲ. ಅದು ನನಗೆ ಗೊತ್ತಿತ್ತು, ಅಜ್ಮತ್‌ಗೂ ಗೊತ್ತಿತ್ತು. ಆದರೆ ಅವಳಿಗೆ ಕಾಣುತ್ತಿರಲಿಲ್ಲ, ಕಾಣದ್ದನ್ನು ಮೇಷ್ಟ್ರ ಮಾತಿನ ಮೇಲೆ ನಂಬಲು ಅವಳು ತಯಾರಿರಲಿಲ್ಲ. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಕಂಡಿತೇ ಎಂದು ಕೇಳಿದೆ. ಕಂಡಿತು ಅಂದಳು. ಎರಡು ಟನ್ ಕಬ್ಬಿಣ ನೆಲಕ್ಕೆ ತಾಗಿದ ಸದ್ದೂ ಕೇಳಿಸಲಿಲ್ಲ.

"ಏನ್ರೀ ಕೃಷ್ಣಸ್ವಾಮಿ, ಅಷ್ಟು ಚಿಕ್ಕ ಹುಡುಗಿ ನಿಮ್ಮನ್ನೇ ನಿಲ್ಲಿಸ್ಬಿಟ್ಟಳಲ್ಲ," ಅಂದರು ಹಿರಿಯ ಅಧಿಕಾರಿ. ಅವರ ದನಿಯಲ್ಲಿ ಸ್ವಲ್ಪ ಗೇಲಿಯಿತ್ತು.

"ಹೌದು ಸಾರ್," ಅಂದೆ. "ಮೂವತ್ತೊಂದು ವರ್ಷದಲ್ಲಿ ಇವಳೇ ಮೊದಲು."

ಕಣ್ಣು ಮಂಜಾಗಿತ್ತು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದ ಜಾಗ ಯಾವ ಸಾಲಿನಲ್ಲಿದೆ ಎಂದು ಹುಡುಕಲು ಕನ್ನಡಕ ಒರೆಸಿಕೊಳ್ಳಬೇಕಾಯಿತು.