ಮಂಚದ ಕೆಳಗಿನ ಆಫೀಸು

ತಂಗಿಯ ಪಾಠ ಕೆಟ್ಟುಹೋಗಲಿ ಎಂದು ಹಾರೈಸುತ್ತಲೇ ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಕೆಲಸದ ಜಾಗದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ, ಹೇಗೆ ಕಲಿಯುತ್ತಾರೆ ಎನ್ನುವುದು ಇಬ್ಬರ ವಿಷಯವೂ ಹೌದು. ಅಕ್ಕ ಅದನ್ನೇ ಪಾಠ ಮಾಡಿ, ಸಂಶೋಧನೆ ಮಾಡಿ ಕೂದಲು ನರೆಸಿಕೊಂಡವಳು. ತಂಗಿ ನಿನ್ನೆ ಮೊನ್ನೆ ಅದೇ ಕಾಲೇಜಿಗೆ ಪಾಠ ಹೇಳಲು ಬಂದವಳು. ಈಗ ಅಕ್ಕ ಕೈಯಾರೆ ಕಟ್ಟಿದ ಮೊದಲ ವರ್ಷದ ಪಾಠವನ್ನೇ ಅವಳಿಗೆ ಕೊಡಬಹುದೇ ಎಂದು ನಿರ್ದೇಶಕರು ಕೇಳಿದ್ದರು. "ಒಂದು ಕ್ಲಾಸು ಕೂತು ನೋಡಿ ಮೇಡಂ. ಆಮೇಲೆ ನೀವು ಹೇಳಿದ ಹಾಗೆ ಮಾಡೋಣ."

ಹೇಳುವ ಮಾತು ಅಕ್ಕನ ನಾಲಿಗೆ ತುದಿಯಲ್ಲೇ ಇತ್ತು: ಇನ್ನೂ ಪಳಗಬೇಕು.

ತಂಗಿ ಪಾಠ ಶುರು ಮಾಡಲಿಲ್ಲ, ಮೇಜು ಎಳೆದು ಆಟ ಶುರು ಮಾಡಿದಳು. ಒಬ್ಬ ಮ್ಯಾನೇಜರು, ಉಳಿದವರು ಕೆಲಸಗಾರರು, ಹಳೆ ಪೇಪರಿನಲ್ಲಿ ಸೇತುವೆ ಕಟ್ಟಬೇಕು. ಇದು ಚಿಕ್ಕಂದಿನಲ್ಲಿ ಅಕ್ಕತಂಗಿಯರು ಮನೆಯ ಮಂಚದ ಕೆಳಗೆ ಆಡುತ್ತಿದ್ದ ಆಫೀಸಿನಾಟ! ಹುಡುಗ ಹುಡುಗಿಯರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅಕ್ಕನ ಕ್ಲಾಸಿನಲ್ಲಿ ಅವರು ಆಕಳಿಸಿದ್ದೇ ಹೆಚ್ಚು.

"ಒಬ್ರು ಕಮ್ಮಿ ಇದ್ದಾರೆ. ಬಾ ಅಕ್ಕಾ," ಕ್ಲಾಸಿನಲ್ಲಿ ಮೇಡಂ ಅನ್ನಬೇಕೆನ್ನುವುದನ್ನೂ ಮರೆತು ತಂಗಿ ಕರೆದಳು. "ಹೊಸದಾಗಿ ಸೇರಿದ ಕೆಲಸದೋಳು ನೀನು."

ಅಕ್ಕ ಎದ್ದು ಹೋದಳು. ಹೋದವಳು ಸೀದಾ ಮ್ಯಾನೇಜರ ಕುರ್ಚಿಯಲ್ಲಿ ಕೂತಳು. ಮ್ಯಾನೇಜರಾಗಿದ್ದ ಹುಡುಗ ಪಕ್ಕದಲ್ಲಿ ಪೆಚ್ಚಾಗಿ ನಿಂತ.

"ಹಾಗಲ್ಲ ಮಡಚೋದು. ಕೊಡಿ ಇಲ್ಲಿ!"

ಸೇತುವೆ ಅಚ್ಚುಕಟ್ಟಾಗಿ ಬಂತು. ಅಕ್ಕ ತಲೆಯೆತ್ತಿದರೆ ಎಲ್ಲರೂ ಕೈಕಟ್ಟಿ ನಿಂತಿದ್ದಾರೆ.

"ಈಗ ಯಾರ್ಯಾರು ಸೇತುವೆ ಕಟ್ಟೋದು ಕಲಿತ್ರಿ?" ತಂಗಿ ಕೇಳಿದಳು. ಒಂದು ಕೈಯೂ ಮೇಲೇಳಲಿಲ್ಲ. ತಂಗಿ ನಗಲೂ ಇಲ್ಲ. "ಚಿಕ್ಕೋಳಿದ್ದಾಗ ನಾನೂ ಹೀಗೇ ನಿಂತಿರ್ತಿದ್ದೆ. ಅದಕ್ಕೇ ಈ ವಿಷಯ ಓದ್ದೆ."

ಮೆಟ್ಟಿಲ ಬಳಿ ನಿರ್ದೇಶಕರು ಸಿಕ್ಕಿದರು. "ಹೇಗಿತ್ತು ಮೇಡಂ? ಕೊಡೋಣ್ವಾ?"

ಇನ್ನೂ ಪಳಗಬೇಕು ಎನ್ನಲು ಅಕ್ಕ ಬಾಯಿ ತೆರೆದಳು. ಆ ಕೈಕಟ್ಟಿದ ಮಕ್ಕಳು ಕಣ್ಣೆದುರು ಬಂದರು.

"ಕೊಡಿ ಸರ್."

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಹಾಳು ಹೊಟ್ಟೆಕಿಚ್ಚು ಬಿಡಬೇಕಲ್ಲ! "ಆದ್ರೆ ಆ ಆಟ ಅವಳದ್ದಲ್ಲ. ಅದನ್ನ ಹುಟ್ಟುಹಾಕಿದ್ದೇ ನಾನು, ನಮ್ಮನೇಲಿ."

"ಹೌದಾ!" ನಿರ್ದೇಶಕರಿಗೆ ಖುಷಿಯೋ ಖುಷಿ. "ಆಟದಲ್ಲಿ ನೀವೇನಾಗಿರ್ತಿದ್ರಿ?"

ಅಕ್ಕ ಕಂಬಿ ಹಿಡಿದುಕೊಂಡಳು.

"ಮ್ಯಾನೇಜರು," ಎಂದಳು. "ದಿನಾ ನಾನೇ."