ಚೀಲಕ್ಕೆ ಬಿದ್ದ ಮೊದಲ ಹತಾರ

ಆವತ್ತು ಬೆಳಗ್ಗೆ ಭದ್ರಾ ಹೊಳೆಯಿಂದ ಎದ್ದ ಮಂಜು ಜನ್ನಾಪುರದ ಬೀದಿಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಎದುರಿಗೆ ಬಂದ ಬಸ್ಸಿಗೆ ಮೈಯೇ ಇರಲಿಲ್ಲ, ಎರಡು ಹಳದಿ ಕಣ್ಣು ಮಾತ್ರ. ಹುಲಿಯಪ್ಪ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೇ ತಡ, ಬಾಗಿಲಲ್ಲಿದ್ದ ಕಂಡಕ್ಟರು ಗದರಿದ.

"ಏಯ್, ಎಲ್ಲಿಗ್ ತರ್ತೀಯೋ ಅದನ್ನ? ನಿನ್ ಗಲೀಜ್ ಬಕೆಟ್ ಟಾಪ್ ಮೇಲೆ ಹಾಕು. ಮನುಷ್ರು ಕೂರೋ ಜಾಗ ಇದು."

ಕಂಡಕ್ಟರಿಗೆ ಮುಖದ ಗುರುತಿತ್ತು, ಮಂಜಿನಲ್ಲಿ ಕೈಯಲ್ಲೇನಿದೆ ಎಂದು ನೋಡಿರಲಿಲ್ಲ. ಇಷ್ಟು ವರ್ಷ ಪೇಂಟಿನ ಹಳೇ ಬಕೆಟ್ಟಿಗೆ ಹತಾರ ತುಂಬಿಕೊಂಡು ಹುಲಿಯಪ್ಪ ಇದೇ ಬಸ್ಸು ಹತ್ತುತ್ತಿದ್ದ. ಇವತ್ತು ಅವನು ಹೆಗಲು ತಿರುಗಿಸಿ ತೋರಿಸಿದ. ಖಾಕಿ ಕ್ಯಾನ್ವಾಸಿನ ಹೊಸ ಚೀಲ, ಅದಕ್ಕೆ ಹಿತ್ತಾಳೆಯ ಬಕಲು.

"ಓಹೋ! ಯಾವ್ ಫ್ಯಾಕ್ಟ್ರಿ ಫಿಟ್ರಪ್ಪಾ?"

"ಮಾಚೇನಹಳ್ಳಿ."

"ಕೂತ್ಕಳಿ, ಕೂತ್ಕಳಿ. ಚೀಲ ಸೀಟಿನ್ ಕೆಳಗೆ ತಳ್ಳಿ."

ಕೂತ್ಕಳಿ ಅಂದ! ಹುಲಿಯಪ್ಪ ಆ ಒಂದು ಮಾತನ್ನು ಬೆಲ್ಲದ ಚೂರಿನ ಹಾಗೆ ಬಾಯಲ್ಲಿಟ್ಟುಕೊಂಡು ಕೂತ. ಚೀಲವನ್ನು ಮಾತ್ರ ಕೆಳಗೆ ತಳ್ಳಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡ.

ಅದನ್ನು ಆರಿಸಿದ್ದು ಹಿಂದಿನ ಭಾನುವಾರ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ. ಜೊತೆಗೆ ಮೂರ್ತಪ್ಪ ಇದ್ದ. ಇಬ್ಬರೂ ಒಂದೇ ಕೇರಿಯವರು. ಹುಲಿಯಪ್ಪನಿಗೆ ಪೈಪಿನ ಕೆಲಸ ಕಲಿಸಿದ್ದೇ ಮೂರ್ತಪ್ಪ. ಈಗವನು ಮಾಚೇನಹಳ್ಳಿಯಲ್ಲಿ ಚಂದ್ರಶೇಖರಪ್ಪನವರ ಎರಕದ ಕಾರ್ಖಾನೆಗೆ ಮೇಸ್ತ್ರಿ. ಅಲ್ಲಿ ಫಿಟ್ಟರನ ಜಾಗ ಖಾಲಿಯಿದೆ, ಸಾಹುಕಾರರಿಗೆ ಹೇಳಿ ನಿನ್ನನ್ನು ಸೇರಿಸುತ್ತೇನೆ ಎಂದಿದ್ದ.

ಅಂಗಡಿಯಲ್ಲಿ ಹುಲಿಯಪ್ಪನ ಕೈ ತಾನಾಗಿ ಹೋದದ್ದು ಒಂದು ಗಟ್ಟಿ ಬಕೆಟ್ಟಿನ ಮೇಲೆ. "ಅಣ್ಣ, ಇದೇ ವಾಸಿ. ಬೋರಲ್ ಹಾಕಿದ್ರೆ ಕೂರಕ್ಕೂ ಆಗುತ್ತೆ. ನೀರ್ ಬಿದ್ರೂ ಚಿಂತೆಯಿಲ್ಲ. ಚೀಲ ಆದ್ರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ."

"ಥೂ, ಬುದ್ಧಿ ಬರಲ್ಲ ಕಣೋ ನಿಂಗೆ. ಬಕೆಟ್ ಹಿಡ್ದೋನ್ನ ಕಂಡ್ರೆ ಜನಕ್ಕೆ ಗುಂಡಿ ಗ್ಯಾಪಕ ಬರುತ್ತೆ. ಹೆಗಲಿಗೆ ಚೀಲ ಹಾಕಂಡ್ ಬಾ ಮಾರಾಯ, ಗೇಟಲ್ಲಿ ಸೆಲ್ಯೂಟ್ ಹೊಡೀಬೇಕು."

ಗುಂಡಿ ಎಂದದ್ದೇ ಹುಲಿಯಪ್ಪನ ಕೈ ಬಕೆಟ್ಟಿನ ಮೇಲೆಯೇ ನಿಂತಿತು. ಹುಲಿಯಪ್ಪನ ಅಪ್ಪ ಕರಿಯಪ್ಪ ಯಾರದೋ ಕಕ್ಕಸಿನ ಗುಂಡಿಗೆ ಇಳಿದವನು ಮತ್ತೆ ಜೀವಂತವಾಗಿ ಮೇಲೆ ಬರಲಿಲ್ಲ. ಮೇಲೆ ನಿಂತು ಹಗ್ಗ ಹಿಡಿದಿದ್ದವನು ಇದೇ ಮೂರ್ತಪ್ಪ, ಆಗಿನ್ನೂ ಮೀಸೆ ಚಿಗುರುವ ವಯಸ್ಸು. ಎಳೆದರೆ ಬಕೆಟ್ಟೊಂದೇ ಬಂತು. ಹೆಣದ ಮುಂದೆ ಅವನು ಹುಲಿಯಪ್ಪನ ನೆತ್ತಿ ಮುಟ್ಟಿ, ಈ ಹುಡುಗನ್ನ ಗುಂಡಿಗೆ ಇಳಿಸಲ್ಲ ಎಂದು ಕೇರಿಯ ದೇವಿ ಚೌಡಮ್ಮನ ಮೇಲೆ ಆಣೆ ಇಟ್ಟಿದ್ದ. ಪೈಪಿನ ಕೆಲಸ ಕಲಿಸಿದ್ದೂ ಆ ಆಣೆಗಾಗಿಯೇ.

ಹುಲಿಯಪ್ಪ ಬಕೆಟ್ಟು ಕೆಳಗಿಟ್ಟು ಚೀಲ ತೆಗೆದುಕೊಂಡ.

ಪೈಪಿನ ಕೆಲಸದವರಲ್ಲಿ ಒಂದು ನಡಾವಳಿಯಿತ್ತು. ಹೊಸ ಚೀಲವನ್ನು ಬರಿದಾಗಿ ಹೊರಬಾರದು. ಕೆಲಸಕ್ಕೆ ಕರೆದೊಯ್ಯುವವನು ತನ್ನದೇ ಒಂದು ಹತಾರವನ್ನು ಮೊದಲಿಗೆ ಅದರೊಳಗೆ ಹಾಕಬೇಕು. ಹಾಕಿದನೋ, ಆ ಚೀಲ ಹೊತ್ತವನ ಜೀವಕ್ಕೆ ಅವನೇ ಹೊಣೆ. ಹೊಣೆ ಕಳಚಿದ ದಿನ ಆ ಹತಾರ ಕೊಟ್ಟವನ ಕೈಗೇ ವಾಪಸು ಹೋಗಬೇಕು.

ಆ ಭಾನುವಾರವೇ ಸಂಜೆ ಹುಲಿಯಪ್ಪನ ಹೆಂಡತಿ ಉಚ್ಚಂಗಮ್ಮ ದೇವರ ಮುಂದೆ ಚೀಲವಿಟ್ಟು ದೀಪ ಹಚ್ಚಿದಳು. ಮೂರ್ತಪ್ಪ ತಾನು ವರ್ಷಗಟ್ಟಲೆ ಹಿಡಿದು ನುಣುಪಾಗಿದ್ದ ಪೈಪ್ ರೆಂಚಿಗೆ ಕುಂಕುಮ ಹಚ್ಚಿ ಒಳಗೆ ಹಾಕಿದ.

"ಭಾವ, ಮಾವನ ಮುಖ ನಾನು ನೋಡ್ಲಿಲ್ಲ. ಇವ್ರನ್ನ ನಿಮ್ ಕೈಗೆ ಹಾಕಿದೀನಿ."

"ಅಯ್ಯ ಮಾರಾಯ್ತಿ, ನನ್ ತಮ್ಮ ಅಲ್ವೇನೆ ಅವ್ನು? ಇನ್ನೊಂಚೂರು ಪಾಯಸ ಹಾಕು."

ಇವತ್ತು ಬಸ್ಸಿಳಿದು ಬಂದರೆ, ಕಾರ್ಖಾನೆಯ ಗೇಟಿನಲ್ಲಿ ಸೆಲ್ಯೂಟು ಹೊಡೆಯುವವರು ಯಾರೂ ಇರಲಿಲ್ಲ. ಮೂರ್ತಪ್ಪ ಕಾಯುತ್ತಿದ್ದ. "ಬಾ" ಎಂದವನು ಹುಲಿಯಪ್ಪನ ಮುಖ ನೋಡದೆ ಮುಂದೆ ನಡೆದ. ಕುಲುಮೆಯ ಶೆಡ್ಡು ದಾಟಿದ, ಪೈಪು ಪೇರಿಸಿಟ್ಟಿದ್ದ ಜಾಗ ದಾಟಿದ, ಕಕ್ಕಸುಗಳ ಹಿಂದೆ ಹೋಗಿ ನಿಂತ. ಅಲ್ಲಿ ನೆಲದ ಕಲ್ಲುಚಪ್ಪಡಿ ಸರಿಸಿತ್ತು. ಪಕ್ಕದಲ್ಲಿ ಒಂದು ಬಕೆಟ್ಟು, ಅದರ ಹಿಡಿಗೆ ಹೊಸ ಹಗ್ಗ.

ಹಣೆತುಂಬ ವಿಭೂತಿ ಧರಿಸಿದ್ದ ಚಂದ್ರಶೇಖರಪ್ಪನವರು ಮೂಗಿಗೆ ಟವೆಲು ಒತ್ತಿಕೊಂಡು ನಿಂತಿದ್ದರು.

"ಇವ್ನೇನೋ ಮೂರ್ತಿ? ಅಪ್ಪನೂ ಇಳೀತಿದ್ದ ಅಂದ್ಯಲ್ಲ?"

"ಇವ್ನೇ ಬುದ್ಧಿ. ಮನೆತನದ ಕೆಲ್ಸ."

"ಮತ್ತೆ ಇದೇನ್ಲೇ ಚೀಲ? ನೆಂಟರ ಮನೆಗೆ ಬಂದಿದೀಯೇನೋ?"

"ಫಿಟ್ಟರ್ ಕೆಲ್ಸ ಅಂದಿದ್ರು ಬುದ್ಧಿ..."

ಸಾಹುಕಾರರು ಟವೆಲಿನೊಳಗೇ ನಕ್ಕರು. "ಕೇಳಿದ್ಯೇನೋ ಮೂರ್ತಿ, ಫಿಟ್ಟರಂತೆ! ನನ್ ಮಷೀನ್ ಮುಟ್ತಾನಂತೆ. ಚೀಲ ಅತ್ಲಾಗ್ ಬಿಸಾಕಿ ಬಕೆಟ್ ತಗಳೋ."

ಹುಲಿಯಪ್ಪ ಮೂರ್ತಪ್ಪನ ಕಡೆ ತಿರುಗಿದ. "ಅಣ್ಣ?"

"ಒಂದ್ ಸಲ ಕಣೋ," ಮೂರ್ತಪ್ಪ ಹತ್ತಿರ ಬಂದು ಪಿಸುಗುಟ್ಟಿದ. "ಇಳಿಯೋನ್ನ ತರ್ಲಿಲ್ಲ ಅಂದ್ರೆ ನನ್ನೇ ಮನೆಗೆ ಕಳಿಸ್ತೀನಿ ಅಂದ್ರು."

"ಮತ್ತೆ ಚೀಲ ತಗಾ ಅಂದಿದ್ದು?"

"ಬಕೆಟ್ ತಗಾ ಅಂದಿದ್ರೆ ನೀನು ಬರ್ತಿದ್ಯೇನೋ?" ಅವನು ಹಗ್ಗದ ಕಡೆ ಕೈ ತೋರಿಸಿದ. "ಹೆದರ್ಬೇಡ. ಹಗ್ಗ ನಾನೇ ಹಿಡ್ಕಂತೀನಿ."

"ಅಪ್ಪಂಗೂ ನೀನೇ ಹಿಡ್ದಿದ್ದೆ."

ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದ ಆಳುಗಳು ಮಸಿ ಹಿಡಿದ ಕೈಗಳನ್ನು ಒರೆಸಿಕೊಳ್ಳುತ್ತ ನೋಡುತ್ತಿದ್ದರು. ಗುಂಡಿಯ ಬಾಯಿಂದ ಬಿಸಿಯಾದ ನಾತ ಎದ್ದು ಮಂಜಿನೊಳಗೆ ಸೇರುತ್ತಿತ್ತು.

"ಏನ್ಲೇ ಗುಸುಗುಸು? ಇಳೀತೀಯೋ ಇಲ್ವೋ ಸೂಳೇಮಗನೇ? ಪೂಜೆಗೆ ಹೊತ್ತಾಯ್ತು ನಂಗೆ."

"ಇಳಿಯಲ್ಲ ಬುದ್ಧಿ."

"ಏನಂದೆ?"

ಹುಲಿಯಪ್ಪ ಮಂಡಿಯೂರಿ ಕೂತು ಚೀಲದ ಬಕಲು ಬಿಚ್ಚಿದ. ಕೈಯನ್ನು ತಳದವರೆಗೂ ಇಳಿಬಿಟ್ಟು ರೆಂಚು ಹೊರಗೆ ತೆಗೆದ. ಮನೆಯ ದೇವರ ಮುಂದೆ ಹಚ್ಚಿದ್ದ ಕುಂಕುಮ ಇನ್ನೂ ಅದರ ಕತ್ತಿನಲ್ಲಿತ್ತು. ಅದನ್ನು ಹಾಗೇ ಕಣ್ಣಿಗೊತ್ತಿಕೊಂಡು ಬಕೆಟ್ಟಿನೊಳಗೆ ಇಟ್ಟ. ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಎದ್ದು, ಹಗ್ಗದ ಸಮೇತ ಬಕೆಟ್ಟನ್ನೆತ್ತಿ ಅದರ ಹಿಡಿಯನ್ನು ಮೂರ್ತಪ್ಪನ ಕೈಗೆ ಕೊಟ್ಟ. ಆ ಕೈ ಹಿಡಿಯಲೊಲ್ಲದು. ಒಂದೊಂದೇ ಬೆರಳು ತಾನೇ ಮಡಿಸಿ ಹಿಡಿಸಿದ.

"ನಿನ್ ಹತಾರ ಅಣ್ಣ. ತಗಾ."

ಕೊನೆಯ ಬೆರಳು ಮಡಿಸಿ ಕೈ ಬಿಡುವಷ್ಟರಲ್ಲಿ, ಸಾಹುಕಾರರ ಕಣ್ಣು ಹುಲಿಯಪ್ಪನನ್ನು ಬಿಟ್ಟು, ಬಕೆಟ್ಟು ಹಿಡಿದು ನಿಂತವನ ಮೇಲೆ ಬಂದು ನಿಂತಿತ್ತು.